ಮೂರು ಲಕ್ಷದ ಎಲೆಕ್ಟ್ರಿಕ್ ಗಿಟಾರ್: ಅಂಗಡಿಯಲ್ಲಿ ಏನು ಅಳೆಯಬೇಕು, ಮುಂಬಯಿ ಮಳೆಯಲ್ಲಿ ಹೇಗೆ ಕಾಯಬೇಕು?

ಡೊಂಬಿವಲಿ ಡಿ-ಸೆವೆನ್

ಬಜೆಟ್ ಮೂರು ಲಕ್ಷದ ಆಸುಪಾಸು. ಆಯ್ಕೆ ಎರಡಕ್ಕೆ ಬಂದು ನಿಂತಿದೆ: ಗಿಬ್ಸನ್ ಲೆಸ್ ಪಾಲ್ ಸ್ಟ್ಯಾಂಡರ್ಡ್ (50ಸ್ ಇಲ್ಲವೇ 60ಸ್), ಇಲ್ಲದಿದ್ದರೆ ಫೆಂಡರ್ ಅಮೆರಿಕನ್ ಪ್ರೊಫೆಷನಲ್ ಸ್ಟ್ರಾಟ್. ಶನಿವಾರ ವಾದ್ಯದ ಅಂಗಡಿಗಳಿರುವ ಧೋಬಿ ತಲಾವ್ ಕಡೆಗೆ ಹೋಗುವುದು. ಸೆಕೆಂಡ್ ಹ್ಯಾಂಡ್ ಲೆಸ್ ಪಾಲ್ ಒಂದೂ ಕಣ್ಣಿಗೆ ಬಿದ್ದಿದೆ, ಬೆಲೆ ಸಾಕಷ್ಟು ಕಡಿಮೆ.

ವಿಡಿಯೊಗಳಲ್ಲಿ ಎಲ್ಲರೂ ‘ಟೋನ್’ ಬಗ್ಗೆಯೇ ಹೇಳುತ್ತಾರೆ. ಗಿಟಾರ್ ಕೈಗೆ ಕೊಟ್ಟಾಗ ಏನನ್ನು ಅಳೆಯಬೇಕು, ಯಾವುದಕ್ಕೆ ‘ಬೇಡ’ ಎಂದು ಎದ್ದು ಬರಬೇಕು? ಆಮೇಲೆ ನಮ್ಮ ಜೂನ್-ಸೆಪ್ಟೆಂಬರಿನ ತೇವಕ್ಕೆ ಏನು ಉಪಾಯ? ತಿಳಿದವರು ದಯವಿಟ್ಟು ಹೇಳಿ.

ಮಾಟುಂಗಾ ಮಾರಾಯ

ಮೊದಲಿಗೆ ಒಂದು ವಿಷಯ ಮಾರಾಯ್ರೆ. ಒಂದೇ ಮಾಡೆಲಿನ, ಒಂದೇ ಬಣ್ಣದ ಎರಡು ಗಿಟಾರ್ ಗೋಡೆಯಲ್ಲಿ ನೇತಾಡ್ತಾ ಉಂಟು ಅಂದ್ರೆ ಅವೆರಡೂ ಒಂದೇ ಅಂತ ಲೆಕ್ಕ ಹಾಕಬೇಡಿ. ಮರದ ತೂಕ ಬೇರೆ, ಫ್ರೆಟ್ (ನೆಕ್ಕಿನ ಮೇಲಿನ ಲೋಹದ ಅಡ್ಡಪಟ್ಟಿ) ಕೆಲಸ ಬೇರೆ, ನಟ್ (ನೆಕ್ಕಿನ ತುದಿಯಲ್ಲಿ ತಂತಿ ಕೂರುವ ಪಟ್ಟಿ) ಕೊರೆದ ಆಳ ಬೇರೆ. ನೀವು ಹಣ ಕೊಡುವುದು ನೆಕ್ಕಿನ ತುದಿಯ ಹೆಡ್‌ಸ್ಟಾಕಿನ ಮೇಲಿನ ಹೆಸರಿಗೆ ಅಲ್ಲ, ಕೈಯಲ್ಲಿರುವ ಆ ಒಂದು ತುಂಡಿಗೆ. ಅಂಗಡಿಯಲ್ಲಿ ಎರಡಿದ್ದರೆ ಎರಡನ್ನೂ ಇಳಿಸಲು ಹೇಳಿ. ನಾಚಿಕೆ ಬೇಡ.

ಲೆಸ್ ಪಾಲ್ ಮತ್ತು ಸ್ಟ್ರಾಟ್ ನಡುವೆ ಕೈಗೆ ಗೊತ್ತಾಗುವ ವ್ಯತ್ಯಾಸ ಸ್ಕೇಲ್ ಉದ್ದದ್ದು, ಅಂದರೆ ನಟ್ಟಿನಿಂದ ಬ್ರಿಜ್ ತನಕ ತಂತಿ ಕಂಪಿಸುವ ಉದ್ದ. ಗಿಬ್ಸನ್ 24.75 ಇಂಚು, ಫೆಂಡರ್ 25.5 ಇಂಚು. ತಂತಿಯ ಬಿಗಿತ ಉದ್ದದ ವರ್ಗಕ್ಕೆ ಅನುಗುಣ, ಹಾಗಾಗಿ ಅದೇ 10-46 ಸೆಟ್ (ತಂತಿಗಳ ದಪ್ಪ, ಇಂಚಿನ ಸಾವಿರದ ಭಾಗದಲ್ಲಿ) ಹಾಕಿದರೆ ಸ್ಟ್ರಾಟಿನಲ್ಲಿ ಬಿಗಿತ ಸುಮಾರು ಶೇ. 6ರಷ್ಟು ಹೆಚ್ಚು. ಬೆಂಡ್ ಮಾಡುವ (ತಂತಿಯನ್ನು ಪಕ್ಕಕ್ಕೆ ಎಳೆದು ಸ್ವರ ಏರಿಸುವ) ಬೆರಳಿಗೆ ಇದು ಚೆನ್ನಾಗಿ ಗೊತ್ತಾಗುತ್ತದೆ. ಸ್ಟ್ರಾಟಿಗೆ 9-42 ಹಾಕಿದರೆ ಬೆರಳಿಗೆ ಹಗುರಾಗುತ್ತದೆ.

ಎರಡನೆಯದು ಬೆರಳಿಡುವ ಬೋರ್ಡಿನ ಉಬ್ಬು. ಗಿಬ್ಸನ್ 12 ಇಂಚಿನ ರೇಡಿಯಸ್, ಅಂದರೆ ಚಪ್ಪಟೆ. ಅಮೆರಿಕನ್ ಪ್ರೊಫೆಷನಲ್ 9.5 ಇಂಚು, ಸ್ವಲ್ಪ ಗುಂಡಗೆ. ಗುಂಡಗಿನ ಬೋರ್ಡಿನಲ್ಲಿ ತಂತಿಯನ್ನು ತೀರಾ ಕೆಳಗಿಟ್ಟರೆ, ಮೇಲಿನ ಫ್ರೆಟ್‌ಗಳಲ್ಲಿ ಬೆಂಡ್ ಮಾಡುವಾಗ ಸ್ವರ ಗಂಟಲು ಹಿಡಿದ ಹಾಗೆ ಸಾಯುತ್ತದೆ. ಅದು ಗಿಟಾರಿನ ದೋಷ ಅಲ್ಲ, ಲೆಕ್ಕಾಚಾರದ ಮಿತಿ.

50ಸ್ ಮತ್ತು 60ಸ್ ನಡುವೆ ಮುಖ್ಯವಾಗಿ ನೆಕ್ಕಿನ ದಪ್ಪ. 50ಸ್ ಮುಷ್ಟಿ ತುಂಬುತ್ತದೆ, 60ಸ್ ತೆಳು. ಹೆಬ್ಬೆರಳನ್ನು ನೆಕ್ಕಿನ ಮೇಲಿನಿಂದ ಹಾಕಿ ಹಿಡಿಯುವವರಿಗೆ ದಪ್ಪವೇ ಆರಾಮ. ಎರಡರಲ್ಲೂ ಬಾಡಿ ಒಳಗೆ ತೂಕ ಇಳಿಸುವ ತೂತು ಕೊರೆದಿರುವುದಿಲ್ಲ, 4ರಿಂದ 4.5 ಕೆ.ಜಿ. ಸಾಮಾನ್ಯ. ಸೂಟ್‌ಕೇಸ್ ತೂಗುವ ಕೊಕ್ಕೆ ತಕ್ಕಡಿ ತೆಗೆದುಕೊಂಡು ಹೋಗಿ. ಅರ್ಧ ಕೆ.ಜಿ. ವ್ಯತ್ಯಾಸ ಕೂತು ಬಾರಿಸುವಾಗ ಏನೂ ಅಲ್ಲ, ಎರಡು ಗಂಟೆ ನಿಂತರೆ ಎಡ ಭುಜ ಹೇಳುತ್ತದೆ.

ವಿರಾರ್ ಫಾಸ್ಟ್

ನಿಂತು ಬಾರಿಸುವುದು ಇರಲಿ, 8:05ರ ಲೋಕಲಿನಲ್ಲಿ ನಿಂತು ಹೊರುವುದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಿ. ಹಾರ್ಡ್ ಕೇಸ್ ಸೇರಿದರೆ ಹತ್ತಿರ ಹತ್ತಿರ 9 ಕೆ.ಜಿ.

ಧಾರವಾಡ ಡಿಸ್ಟಾರ್ಶನ್

ಅಂಗಡಿಗೆ ಹೋಗೂ ಮುಂಚೆ ನಾಲ್ಕು ಸಾಮಾನು ಕಿಸೆದಾಗ ಇಟ್ಕೊಳ್ರಿ. ಅರ್ಧ ಮಿ.ಮೀ. ಗೆರಿ ಇರೋ ಆರಿಂಚಿನ ಸ್ಟೀಲ್ ಪಟ್ಟಿ, ತಂತಿ ಒತ್ತಿ ಹಿಡಿಯೋ ಒಂದು ಕ್ಯಾಪೊ, ಕ್ಲಿಪ್ ಟ್ಯೂನರ್, ಫೀಲರ್ ಗೇಜ್. ಫೀಲರ್ ಗೇಜ್ ಅಂದ್ರ ಗ್ಯಾರೇಜಿನವ್ರು ಟ್ಯಾಪೆಟ್ ಸೆಟ್ ಮಾಡಾಕ ಇಟ್ಕೊಂಡಿರ್ತಾರಲ್ಲ, ಅದ. ನಾಗದೇವಿ ಸ್ಟ್ರೀಟಿನ ಹತ್ಯಾರದ ಅಂಗಡಿಯೊಳಗ ಸಿಗ್ತೈತಿ. ಗಿಟಾರಿಂದು ಅಂತ ಬ್ಯಾರೆ ತಗೊಂಡ್ರ ಸುಮ್ನ ದುಬಾರಿ.

ಇನ್ನ ಕ್ರಮ ನೋಡ್ರಿ. ಈ ಕ್ರಮ ತಪ್ಪಿದ್ರ ಎಲ್ಲಾ ತಪ್ಪು, ಯಾಕಂದ್ರ ಒಂದನ್ನ ಬದಲಿಸಿದ್ರ ಅದರ ಮುಂದಿಂದೆಲ್ಲಾ ಬದಲಾಗ್ತೈತಿ.

ಮೊದಲ ಶ್ರುತಿ ಮಾಡ್ರಿ. ಶ್ರುತಿ ಇಲ್ಲದ ಗಿಟಾರಿನ ನೆಕ್ ಅಳೀಬ್ಯಾಡ್ರಿ. 10-46 ಸೆಟ್ಟಿನ ಆರೂ ತಂತಿ ಸೇರಿ 25.5 ಇಂಚಿನ ಸ್ಕೇಲಿನೊಳಗ ಸುಮಾರು 47 ಕೆ.ಜಿ. ಎಳೀತಾವ. ಆ ಎಳೆತ ಪೂರ್ತಿ ಇದ್ದಾಗ ಮಾತ್ರ ನೆಕ್ ತನ್ನ ಖರೇ ಆಕಾರಕ್ಕ ಬರ್ತೈತಿ.

ಆಮ್ಯಾಲೆ ಬಾಡಿ ಕಡಿಂದ ಒಂದು ಕಣ್ಣು ಮುಚ್ಚಿ ನೆಕ್ ನೋಡ್ರಿ, ಬಡಿಗ್ಯಾ ಹಲಗಿ ಅಂಚು ನೋಡಿದ ಹಂಗ. ಎರಡೂ ಅಂಚು ಒಂದ ಥರ ಬಾಗಿದ್ರ ಅಡ್ಡಿ ಇಲ್ಲ, ಟ್ರಸ್ ರಾಡ್ (ನೆಕ್ಕಿನೊಳಗಿನ ಉಕ್ಕಿನ ಸರಳು) ತಿರುವಿದ್ರ ಸರಿಹೋಗ್ತೈತಿ. ಒಂದು ಅಂಚು ಒಂದು ಥರ, ಇನ್ನೊಂದು ಅಂಚು ಇನ್ನೊಂದು ಥರ ಇದ್ರ ನೆಕ್ ತಿರುಚೇತಿ ಅಂತ ಅರ್ಥ. ಅಲ್ಲಿಗೆ ಮುಗೀತು, ಕೆಳಗಿಟ್ಟು ಚಾ ಕುಡದು ಬರ್ರಿ.

ರಿಲೀಫ್, ಅಂದ್ರ ನೆಕ್ಕಿನ ಸಣ್ಣ ಬಾಗು, ಅಳಿಯೂದು ಹಿಂಗ: ಮೊದಲನೇ ಫ್ರೆಟ್ಟಿಗೆ ಕ್ಯಾಪೊ ಹಾಕಿ, ದಪ್ಪ ತಂತಿಯನ್ನ ನೆಕ್ ಬಾಡಿಗೆ ಸೇರೋ ಜಾಗಾದಾಗ ಒತ್ತಿ ಹಿಡೀರಿ. ಈಗ ಆ ತಂತೀನ ನಿಮ್ಮ ನೆಟ್ಟಗಿನ ಅಳತೆಗೋಲು. 7-8ನೇ ಫ್ರೆಟ್ಟಿನ ತಲಿಗೂ ತಂತಿಗೂ ನಡುವ 0.20ರಿಂದ 0.30 ಮಿ.ಮೀ. ಇರಬೇಕು. ಗೇಜಿನ ಹಾಳಿ ತಂತಿಯನ್ನ ಎತ್ತದಂಗ ಸರಿದ್ರ ಅದ ಅಳತಿ. ಹೆಚ್ಚು ಕಡಿಮಿ ಇದ್ರ ಅಂಗಡಿಯವ್ರಿಗೆ ಟ್ರಸ್ ರಾಡ್ ತಿರುವಾಕ ಹೇಳ್ರಿ, ಒಂದ್ಸಲಕ್ಕ ಕಾಲು ಸುತ್ತು, ಮುಂದ ಬ್ಯಾಡ. ರಾಡಿನ ನಟ್ ಆಗಲೇ ಪೂರ್ತಿ ಬಿಗದಿದ್ದು ಇನ್ನೂ ರಿಲೀಫ್ ಜಾಸ್ತಿ ಐತಿ ಅಂದ್ರ ಆ ಗಿಟಾರ್ ಬ್ಯಾಡ. ಮಳಿಗಾಲದಾಗ ತಿರುವಾಕ ಏನೂ ಉಳಿದಿರೂದಿಲ್ಲ.

ನಾಲ್ಕನೇದು ಆ್ಯಕ್ಷನ್, ಅಂದ್ರ ಫ್ರೆಟ್ಟಿನ ಮ್ಯಾಲೆ ತಂತಿ ಎಷ್ಟು ಎತ್ತರ ಐತಿ ಅನ್ನೋದು. ಗಿಬ್ಸನ್ನಿಗೆ 12ನೇ ಫ್ರೆಟ್ಟಿನ ಮ್ಯಾಲೆ ದಪ್ಪ ತಂತಿ 2 ಮಿ.ಮೀ., ತೆಳು ತಂತಿ 1.2 ಮಿ.ಮೀ. ಕಂಪನಿ ಅಳತಿ. ಫೆಂಡರ್ 17ನೇ ಫ್ರೆಟ್ಟಿನ ಮ್ಯಾಲೆ ಅಳೀತೈತಿ, 1.6 ಮಿ.ಮೀ. ಇವೆರಡನ್ನ ಕಲಸಬ್ಯಾಡ್ರಿ. ಬಾಳ ಮಂದಿ 12ಕ್ಕ 1.6 ಅಂತ ಅಳದು ಸ್ಟ್ರಾಟ್ ಸರಿ ಇಲ್ಲ ಅಂತ ಬೈತಾರ.

ಕೊನೀಗೆ ಪ್ರತಿ ತಂತಿ, ಪ್ರತಿ ಫ್ರೆಟ್ ಒಂದೊಂದಾಗಿ ಬಾರಿಸ್ರಿ. ಆಂಪ್ ಹಚ್ಚಬ್ಯಾಡ್ರಿ. ಲೆಸ್ ಪಾಲಿನೊಳಗ 22 ಫ್ರೆಟ್ ಇಂಟು 6, ಅಂದ್ರ 132 ಸ್ವರ, ಐದು ನಿಮಿಷದ ಕೆಲಸ. ಒಂದ ಫ್ರೆಟ್ಟಿನ ಮ್ಯಾಲೆ ಗರ್ ಅಂದ್ರ ಅದರ ಮುಂದಿನ ಫ್ರೆಟ್ ಎದ್ದೇತಿ. ಸ್ಟೀಲ್ ಪಟ್ಟಿ ಅಂಚನ್ನ ಮೂರು ಫ್ರೆಟ್ ಮ್ಯಾಲೆ ನಿಲ್ಲಿಸ್ರಿ, ತೊಟ್ಟಿಲಿನಂಗ ತೂಗಿದ್ರ ನಡುವಿನದು ಎತ್ತರ. ಮೂರು ಲಕ್ಷ ತಗೊಂಡ ಗಿಟಾರಿನ ಫ್ರೆಟ್ ಎದ್ದಿರಬಾರದು, ಆದ್ರ ಎದ್ದಿರತಾವ.

ಡೊಂಬಿವಲಿ ಡಿ-ಸೆವೆನ್

ಇಷ್ಟೆಲ್ಲ ಅಂಗಡಿಯಲ್ಲಿ ಮಾಡಲು ಬಿಡುತ್ತಾರೆಯೇ?

ಮಾಟುಂಗಾ ಮಾರಾಯ

ಬೆಳಿಗ್ಗೆ ಅಂಗಡಿ ತೆರೆದ ಕೂಡಲೇ ಹೋಗಿ, ಶನಿವಾರ ಸಂಜೆ ಬೇಡ. ಕೇಳಿಕೊಂಡು ಅಳೆದರೆ ಯಾರೂ ಬೇಡ ಅನ್ನುವುದಿಲ್ಲ. ಬೆಲ್ಟಿನ ಬಕಲ್ ಮಾತ್ರ ಪಕ್ಕಕ್ಕೆ ತಿರುಗಿಸಿಕೊಳ್ಳಿ, ಅಂಗಿಯ ಲೋಹದ ಗುಂಡಿ, ಕೈಯ ಕಡಗ ತೆಗೆದಿಡಿ. ಗಿಬ್ಸನ್ನಿನ ಮೇಲೆ ಇರುವುದು ನೈಟ್ರೋಸೆಲ್ಯುಲೋಸ್ ಲ್ಯಾಕರ್, ಉಗುರು ತಾಗಿದರೂ ಗುರುತು. ಧೋಬಿ ತಲಾವಿನಲ್ಲಿ ಫರ್ಟಾಡೋಸ್ ವಾದ್ಯದಂಗಡಿ 1865ರಿಂದ ಉಂಟು, ಅಳೆಯುವ ಗಿರಾಕಿಗಳನ್ನು ಅವರು ಮೊದಲ ಸಲ ನೋಡುವುದೇನೂ ಅಲ್ಲ. ಹತ್ತಿರದಲ್ಲೇ ರಂಗ ಭವನ. 1986ರಲ್ಲಿ ಶುರುವಾದ ಇಂಡಿಪೆಂಡೆನ್ಸ್ ರಾಕ್ ಸಂಗೀತೋತ್ಸವ ನಡೆಯುತ್ತಿದ್ದ ಬಯಲು ರಂಗಮಂದಿರ. ಹೋದವರು ಒಮ್ಮೆ ಕಣ್ಣು ಹಾಯಿಸಿ ಬನ್ನಿ.

ಬಿಲ್ಲಿನಲ್ಲಿ ಸೀರಿಯಲ್ ನಂಬರ್ ಬರೆಸಿಕೊಳ್ಳಿ. ವಾರಂಟಿಗೂ ಬೇಕು, ಮುಂದೆ ಮಾರುವಾಗಲೂ ಬೇಕು, ವಿಮೆಗೂ ಬೇಕು.

ಬೀಟೆಮರ

ಸೆಕೆಂಡ್ ಹ್ಯಾಂಡ್ ಲೆಸ್ ಪಾಲ್ ಅಂದಿರಲ್ಲ, ಅದರ ಬಗ್ಗೆ ನಾನು ಬರೆಯುತ್ತೇನೆ.

ಮೊದಲು ನೋಡಬೇಕಾದ್ದು ನಟ್ಟಿನ ಹಿಂಭಾಗ. ಗಿಬ್ಸನ್ ಹೆಡ್‌ಸ್ಟಾಕ್ ಸಾಮಾನ್ಯವಾಗಿ 17 ಡಿಗ್ರಿ ಹಿಂದಕ್ಕೆ ವಾಲಿರುತ್ತದೆ, ಮತ್ತು ಇಡೀ ನೆಕ್ ಒಂದೇ ಮಹೋಗನಿ ತುಂಡಿನಿಂದ ಕಡೆದದ್ದು. ಹಾಗಾಗಿ ಬಾಗಿದ ಜಾಗದಲ್ಲಿ ಮರದ ಎಳೆ ಉದ್ದಕ್ಕೆ ಓಡದೆ ಅಡ್ಡಡ್ಡ ತುಂಡಾಗಿ ನಿಲ್ಲುತ್ತದೆ. ಸಾಲದ್ದಕ್ಕೆ ಟ್ರಸ್ ರಾಡ್ ನಟ್ಟಿಗಾಗಿ ಅಲ್ಲೇ ಗುಂಡಿ ತೋಡಿರುತ್ತಾರೆ. ಮರ ಅತಿ ಕಡಿಮೆ ಇರುವ ಕಡೆ ಎಳೆ ಅತಿ ದುರ್ಬಲ. ಸ್ಟ್ಯಾಂಡಿನಿಂದ ಬೆನ್ನು ಕೆಳಗಾಗಿ ಬಿದ್ದರೆ ಮುರಿಯುವುದು ಅಲ್ಲೇ. ಫೆಂಡರಿನ ಮೇಪಲ್ ನೆಕ್‌ಗೆ ಈ ಕಾಯಿಲೆ ಇಲ್ಲ, ಅದರ ಹೆಡ್‌ಸ್ಟಾಕ್ ಹಿಂದಕ್ಕೆ ವಾಲಿಲ್ಲ.

ಮೊಬೈಲ್ ಟಾರ್ಚನ್ನು ಮೇಲಿನಿಂದ ಹಾಕಬೇಡಿ, ಮೇಲ್ಮೈಗೆ ಸವರಿದಂತೆ ಪಕ್ಕದಿಂದ ಹಾಯಿಸಿ. ಕೂದಲೆಳೆಯ ಗೆರೆ, ಬಣ್ಣ ಒಂದೇ ಕಡೆ ದಟ್ಟವಾಗಿರುವುದು, ಎಳೆಯ ಓಟ ಕಾಣಿಸದಂತೆ ಕಪ್ಪು ಬಳಿದಿರುವುದು ಅನುಮಾನಕ್ಕೆ ಕಾರಣ. ಯುವಿ ಟಾರ್ಚ್ ಇದ್ದರೆ ಕತ್ತಲ ಕೋಣೆಯಲ್ಲಿ ಹಾಕಿ. ಹಳೆಯ ನೈಟ್ರೋ ಹಸಿರು-ಹಳದಿಯಾಗಿ ಹೊಳೆಯುತ್ತದೆ, ಆಮೇಲೆ ಸಿಂಪಡಿಸಿದ ಜಾಗ ಬೇರೆಯಾಗಿ ಎದ್ದು ಕಾಣುತ್ತದೆ. ಚೆನ್ನಾಗಿ ಅಂಟಿಸಿದ ಹೆಡ್‌ಸ್ಟಾಕ್ ಬಾರಿಸಲು ಏನೂ ಕಡಿಮೆಯಿಲ್ಲ. ಆದರೆ ಬೆಲೆ ಮೂರನೇ ಒಂದು ಭಾಗವಾದರೂ ಇಳಿಯಬೇಕು, ಮಾರುವವರು ತಾವಾಗಿ ಹೇಳಿರಬೇಕು.

ನಕಲಿ ಗುರುತಿಸಲು: ಹೆಡ್‌ಸ್ಟಾಕ್ ಮೇಲಿನ ಗಂಟೆಯಾಕಾರದ ಕವರಿಗೆ ಗಿಬ್ಸನ್ನಿನಲ್ಲಿ ಎರಡು ಸ್ಕ್ರೂ, ಬಹುತೇಕ ನಕಲಿಗಳಲ್ಲಿ ಮೂರು. ಕವರ್ ತೆಗೆದರೆ ಅಸಲಿಯಲ್ಲಿ ಹಿತ್ತಾಳೆಯ ಷಟ್ಕೋನ ನಟ್, 5/16 ಇಂಚಿನ ಸಾಕೆಟ್ ಕೂರುವಂಥದ್ದು. ಅಲೆನ್ ಕೀ ಹೋಗುವ ತೂತು ಕಂಡರೆ ವಾಪಸ್ ಬನ್ನಿ. ನೆಕ್ಕಿಗೆ ಹೆಡ್‌ಸ್ಟಾಕನ್ನು ಓರೆಯಾಗಿ ಅಂಟಿಸಿದ ಗೆರೆ ಕಂಡರೂ ಅಷ್ಟೇ, ಗಿಬ್ಸನ್ ಹಾಗೆ ಜೋಡಿಸುವುದಿಲ್ಲ.

ಸೀರಿಯಲ್: 1977ರಿಂದ ಬಂದ ಎಂಟಂಕಿಯ ಪದ್ಧತಿಯಲ್ಲಿ ಮೊದಲನೆಯ ಮತ್ತು ಐದನೆಯ ಅಂಕಿ ಸೇರಿ ವರ್ಷ, ನಡುವಿನ ಮೂರು ಆ ವರ್ಷದ ಎಷ್ಟನೇ ದಿನ ಎಂದು. 9 123 8 ಎಂದು ಶುರುವಾದರೆ 1998ರ 123ನೇ ದಿನ. ನಡುವಿನ ಮೂರಂಕಿ 366 ಮೀರಿದ್ದರೆ ನಗುತ್ತಾ ಎದ್ದು ಬನ್ನಿ. 2014ರಿಂದ ಕೆಲವು ವರ್ಷ ಮೊದಲ ಎರಡಂಕಿಯೇ ವರ್ಷವಾಗಿತ್ತು, ಅದನ್ನು ನಕಲಿ ಎಂದುಕೊಳ್ಳಬೇಡಿ. ಆದರೆ ನಂಬರ್ ಕೆತ್ತುವುದು ಯಾರಿಗೂ ಕಷ್ಟವಲ್ಲ. ನಂಬರ್ ಸರಿ ಇದೆ ಎಂದಷ್ಟಕ್ಕೇ ಗಿಟಾರ್ ಅಸಲಿ ಆಗುವುದಿಲ್ಲ.

ಬೆಸುಗೆ ಕಡ್ಡಿ

ಒಳಗಿನ ವಿದ್ಯುತ್ ಭಾಗವನ್ನು ಬಿಚ್ಚದೆಯೇ ಪರೀಕ್ಷಿಸಬಹುದು. ಲ್ಯಾಮಿಂಗ್ಟನ್ ರೋಡಿನ ಅಗ್ಗದ ಮಲ್ಟಿಮೀಟರ್ ಸಾಕು. ಕೇಬಲಿನ ಒಂದು ತುದಿ ಗಿಟಾರಿಗೆ, ಇನ್ನೊಂದು ತುದಿಯ ಪ್ಲಗ್ಗಿನ ತುದಿ ಮತ್ತು ಕಂಠದ ನಡುವೆ ಮೀಟರ್, 20 ಕಿಲೋ ಓಮ್ ರೇಂಜ್, ವಾಲ್ಯೂಮ್ ಪೂರ್ತಿ. ಹಳೆ ಮಾದರಿಯ ಹಂಬಕರ್ (ತಂತಿಯ ಕಂಪನವನ್ನು ವಿದ್ಯುತ್ತಾಗಿಸುವ, ಎರಡು ಕಾಯಿಲಿನ ಪಿಕಪ್) 7ರಿಂದ 8.5 ಕಿಲೋ ಓಮ್ ತೋರಿಸಬೇಕು, ಸ್ಟ್ರಾಟಿನ ಸಿಂಗಲ್ ಕಾಯಿಲ್ ಸುಮಾರು 5.5ರಿಂದ 6.5. ಲೆಸ್ ಪಾಲ್ ಸ್ವಿಚ್ ನಡುವೆ ಇಟ್ಟರೆ ಎರಡೂ ಪಿಕಪ್ ಸಮಾನಾಂತರವಾಗಿ ಸೇರಿ 4ರ ಹತ್ತಿರ. ಒಂದೇ ಹಂಬಕರ್ ಇದ್ದಾಗಲೂ 4 ತೋರಿಸಿದರೆ, ಎಳೆಯುವ ಸ್ವಿಚ್ಚಿನಿಂದ ಅರ್ಧ ಕಾಯಿಲ್ ಆಫ್ ಆಗಿದೆಯೇ ನೋಡಿ. ಅದೂ ಅಲ್ಲದಿದ್ದರೆ ಒಂದು ಕಾಯಿಲ್ ಶಾರ್ಟ್. ಏನೂ ತೋರಿಸದಿದ್ದರೆ ತಂತಿ ಕಡಿದಿದೆ, ಅಥವಾ ಬೆಸುಗೆ ಬಿಟ್ಟಿದೆ. ಎರಡನೆಯದಾದರೆ ಹತ್ತು ನಿಮಿಷದ ಕೆಲಸ.

ಹಳೆಯ ಗಿಟಾರ್ ಎಂದು ಮಾರುತ್ತಿದ್ದರೆ ಹಿಂದಿನ ಮುಚ್ಚಳ ತೆಗೆಸಿ ಪಾಟ್ (ವಾಲ್ಯೂಮ್, ಟೋನ್ ಗುಂಡಿಯ ಕೆಳಗಿನ ಭಾಗ) ಮೇಲಿನ ಅಂಕಿ ಓದಿ. 137 ಎಂದು ಶುರುವಾದರೆ ಸಿಟಿಎಸ್ ಕಂಪನಿ, ನಂತರದ್ದು ವರ್ಷ ಮತ್ತು ವಾರ. 137 7815 ಎಂದರೆ 1978ರ 15ನೇ ವಾರ. ಗಿಟಾರ್ ಪಾಟಿಗಿಂತ ಹಳೆಯದೆಂದು ಹೇಳಿದರೆ ಪಾಟ್ ಬದಲಾಗಿದೆ, ಇಲ್ಲವೇ ಮಾತು ಸುಳ್ಳು.

ಗುಂಯ್ ಎನ್ನುವ ಹಮ್ ಬಗ್ಗೆ: ತಂತಿ ಮುಟ್ಟಿದಾಗ ಹಮ್ ಕಡಿಮೆಯಾದರೆ ಎಲ್ಲ ಸರಿ. ಮುಟ್ಟಿದಾಗ ಹೆಚ್ಚಾದರೆ ಅರ್ತಿಂಗ್ ತಪ್ಪಾಗಿದೆ, ಗಿಟಾರಿನಲ್ಲಿ ಇಲ್ಲವೇ ಗೋಡೆಯಲ್ಲಿ. ಹಳೆ ಚಾಳುಗಳಲ್ಲಿ ಮೂರು ಪಿನ್ನಿನ ಸಾಕೆಟ್ ಇದ್ದರೂ ಹಿಂದೆ ಅರ್ತ್ ತಂತಿಯೇ ಇರದ ಉದಾಹರಣೆ ಬೇಕಾದಷ್ಟಿದೆ. ಆಂಪಿನ ಮೂರನೇ ಪಿನ್ ಮಾತ್ರ ಯಾವತ್ತೂ ಕತ್ತರಿಸಬೇಡಿ. ಗಿಟಾರ್ ಹಿಡಿದು ಮೈಕಿಗೆ ತುಟಿ ತಾಗಿಸಿದಾಗ ಹೊಡೆಯುವ ಶಾಕ್ ಇಲ್ಲಿಂದಲೇ ಬರುವುದು.

ಅಮೆರಿಕದಿಂದ ಬಂದ 120 ವೋಲ್ಟ್ ಆಂಪನ್ನು ಇಲ್ಲಿಯ 230ಕ್ಕೆ ನೇರ ಹಾಕಿದರೆ ಒಂದು ಕ್ಷಣದಲ್ಲಿ ಹೊಗೆ. ಸ್ಟೆಪ್-ಡೌನ್ ಟ್ರಾನ್ಸ್‌ಫಾರ್ಮರ್ ಬೇಕು, ಆಂಪಿನ ಹಿಂದೆ ಬರೆದ ವ್ಯಾಟಿನ ಒಂದೂವರೆ ಪಟ್ಟಾದರೂ ಸಾಮರ್ಥ್ಯದ್ದು.

ವಿರಾರ್ ಫಾಸ್ಟ್

ಫ್ಲ್ಯಾಟಿನಲ್ಲಿ 5 ವ್ಯಾಟ್ ಟ್ಯೂಬ್ ಆಂಪ್ ಸಾಕಲ್ಲ? 50 ವ್ಯಾಟಿನ ಹತ್ತನೇ ಒಂದು ಭಾಗ ಸದ್ದು.

ಬೆಸುಗೆ ಕಡ್ಡಿ

ಅಲ್ಲ. ವ್ಯಾಟ್ ಹತ್ತನೇ ಒಂದಾದರೆ ಇಳಿಯುವುದು 10 ಡೆಸಿಬೆಲ್, ಕಿವಿಗೆ ಸುಮಾರು ಅರ್ಧ ಅನಿಸುತ್ತದೆ ಅಷ್ಟೇ. ಗಿಟಾರ್ ಸ್ಪೀಕರುಗಳು 1 ವ್ಯಾಟಿಗೆ ಒಂದು ಮೀಟರ್ ದೂರದಲ್ಲಿ 97ರಿಂದ 100 ಡೆಸಿಬೆಲ್ ಕೊಡುತ್ತವೆ. 2000ನೇ ಇಸವಿಯ ಶಬ್ದಮಾಲಿನ್ಯ ನಿಯಮದಲ್ಲಿ ವಸತಿ ಪ್ರದೇಶಕ್ಕೆ ಹಗಲು 55, ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ 45. ಸೊಸೈಟಿ ಕಾರ್ಯದರ್ಶಿ ಬಾಗಿಲು ತಟ್ಟಲು ಒಂದೇ ವ್ಯಾಟ್ ಸಾಕು. ಲೋಡ್ ಬಾಕ್ಸ್ (ಸ್ಪೀಕರಿನ ಬದಲು ಆಂಪಿನ ಶಕ್ತಿ ಹೀರುವ ಪೆಟ್ಟಿಗೆ) ಇಲ್ಲವೇ ಮಾಡೆಲರ್ (ಆಂಪಿನ ಸದ್ದನ್ನು ಅನುಕರಿಸುವ ಯಂತ್ರ) ಹಾಕಿ ಹೆಡ್‌ಫೋನಿನಲ್ಲಿ ಬಾರಿಸಿ. ಟ್ಯೂಬ್ ಆಂಪಿಗೆ ಸ್ಪೀಕರನ್ನಾಗಲಿ ಲೋಡನ್ನಾಗಲಿ ಜೋಡಿಸದೆ ಆನ್ ಮಾಡಿ ಬಾರಿಸಬೇಡಿ, ಔಟ್‌ಪುಟ್ ಟ್ರಾನ್ಸ್‌ಫಾರ್ಮರ್ ಸುಡುತ್ತದೆ.

ಬೀಟೆಮರ

ಈಗ ಮಳೆಗಾಲ. ಗಿಟಾರಿಗೆ ಹಿತವಾದ ತೇವ ಶೇ. 45ರಿಂದ 55. ಜುಲೈಯಲ್ಲಿ ನಮ್ಮ ಕೋಣೆಗಳು 80 ದಾಟುತ್ತವೆ. ನೆಕ್ ಯಾವ ಕಡೆ ಬಾಗುತ್ತದೆ ಎಂದು ಊಹಿಸಬೇಡಿ, ಮರದಿಂದ ಮರಕ್ಕೆ ಬೇರೆ. ಜೂನ್ ಎರಡನೇ ವಾರ ಮತ್ತು ಅಕ್ಟೋಬರ್ ಕೊನೆಗೆ ರಿಲೀಫ್ ಅಳೆದು ಕೇಸಿನೊಳಗೆ ಚೀಟಿಯಲ್ಲಿ ಬರೆದಿಡಿ.

ತೇವ ಒಂದೇ ಸಮನೆ ಇದ್ದರೆ ಅಷ್ಟು ಹಾನಿಯಿಲ್ಲ, ಏರಿಳಿತ ಹಾನಿ. ರಾತ್ರಿ ಎ.ಸಿ. ಹಾಕಿದಾಗ ಗಾಳಿ ಒಣಗುತ್ತದೆ, ಬೆಳಿಗ್ಗೆ ಕಿಟಕಿ ತೆರೆದರೆ ಪುನಃ ಒದ್ದೆ. ಹೊರಗೋಡೆಗೆ ಹುಕ್ ಹಾಕಿ ನೇತುಹಾಕುವುದಂತೂ ಬೇಡವೇ ಬೇಡ, ಮುಂಬಯಿಯಲ್ಲಿ ಪಶ್ಚಿಮದ ಗೋಡೆ ಮಳೆಗಾಲವಿಡೀ ಬೆವರುತ್ತದೆ. ಬಾರಿಸದಾಗ ಹಾರ್ಡ್ ಕೇಸಿನೊಳಗೆ, ಜೊತೆಗೆ 200-300 ಗ್ರಾಂ ಸಿಲಿಕಾ ಜೆಲ್ ಬಟ್ಟೆ ಚೀಲದಲ್ಲಿ. ಪ್ರಿನ್ಸೆಸ್ ಸ್ಟ್ರೀಟಿನ ಕೆಮಿಕಲ್ ಅಂಗಡಿಗಳಲ್ಲಿ ಬಣ್ಣ ಬದಲಾಗುವಂಥದ್ದನ್ನು ಕೇಳಿ. ನೀಲಿ ಇದ್ದದ್ದು ಗುಲಾಬಿಯಾದರೆ ನೀರು ಕುಡಿದಿದೆ, ಓವನ್ನಿನಲ್ಲಿ ಕಾಯಿಸಿ ಮತ್ತೆ ಬಳಸಬಹುದು. ನೀಲಿ ಬಣ್ಣ ಕೋಬಾಲ್ಟಿನದು, ವಿಷ. ಕಿತ್ತಳೆಯಿಂದ ಹಸಿರಾಗುವ ಜಾತಿ ಸಿಕ್ಕಿದರೆ ಅದೇ ಒಳ್ಳೆಯದು.

ಕೇಸಿನೊಳಗೆ ತೇವಮಾಪಕ ಇಡಿ. ಆದರೆ ಅಗ್ಗದ ಮಾಪಕ ಹತ್ತು ಅಂಕ ಸುಳ್ಳು ಹೇಳುತ್ತದೆ, ಮೊದಲು ಪರೀಕ್ಷಿಸಿ: ಬಾಟಲಿ ಮುಚ್ಚಳದಲ್ಲಿ ಅಡುಗೆ ಉಪ್ಪು ಹಾಕಿ, ಒದ್ದೆ ಮರಳಿನ ಹದಕ್ಕೆ ಬರುವಷ್ಟು ಕೆಲವೇ ಹನಿ ನೀರು ಬಿಡಿ. ಅದನ್ನೂ ಮಾಪಕವನ್ನೂ ಜಿಪ್ ಚೀಲದಲ್ಲಿ ಹಾಕಿ ಮುಚ್ಚಿ, ಒಂದಕ್ಕೊಂದು ತಾಗದಂತೆ. 12 ಗಂಟೆ ಬಿಟ್ಟು ನೋಡಿದರೆ ಶೇ. 75 ತೋರಿಸಬೇಕು. 70 ತೋರಿಸಿದರೆ ಮುಂದೆಲ್ಲ 5 ಸೇರಿಸಿ ಓದಿ.

ನೈಟ್ರೋ ಗಿಟಾರನ್ನು ರಬ್ಬರ್ ಸುತ್ತಿದ ಸ್ಟ್ಯಾಂಡಿಗೆ ಒರಗಿಸಬೇಡಿ. ರಬ್ಬರಿನೊಂದಿಗೆ ಲ್ಯಾಕರ್ ಸೇರಿ ಮೆತ್ತಗಾಗಿ ಅಚ್ಚು ಮೂಡುತ್ತದೆ, ಒರೆಸಿದರೆ ಹೋಗದು. ಹಳೆಯ ಹತ್ತಿ ಪಂಚೆಯ ತುಂಡು ಸುತ್ತಿ.

ಇನ್ನು ಲೆಸ್ ಪಾಲಿನ ಬೋರ್ಡ್. ಈಗಿನದು ಇಂಡಿಯನ್ ರೋಸ್‌ವುಡ್, ಅಂದರೆ ಡಾಲ್ಬರ್ಜಿಯಾ ಲ್ಯಾಟಿಫೋಲಿಯಾ, ನಮ್ಮ ಮಲೆನಾಡು-ಕೊಡಗಿನ ಬೀಟೆಯೇ. ಡಾಲ್ಬರ್ಜಿಯಾ ಜಾತಿಗಳೆಲ್ಲ 2017ರ ಜನವರಿ 2ರಂದು ಸೈಟಿಸ್ (ಅಳಿವಿನಂಚಿನ ಜೀವಿಗಳ ವ್ಯಾಪಾರದ ಅಂತರರಾಷ್ಟ್ರೀಯ ಒಪ್ಪಂದ) ಎರಡನೇ ಪಟ್ಟಿಗೆ ಸೇರಿ ಗಿಟಾರ್ ಸಾಗಣೆ ತಲೆನೋವಾಗಿತ್ತು. 2019ರ ನವೆಂಬರ್ 26ರಿಂದ ಸಿದ್ಧ ವಾದ್ಯಗಳಿಗೆ ವಿನಾಯಿತಿ ಬಂತು. ಬ್ರೆಜಿಲ್ ರೋಸ್‌ವುಡ್ ಮಾತ್ರ 1992ರಿಂದ ಮೊದಲ ಪಟ್ಟಿಯಲ್ಲೇ ಇದೆ, 1950ರ ದಶಕದ ಗಿಟಾರಿನೊಂದಿಗೆ ದೇಶ ದಾಟುವವರಿಗೆ ಪರವಾನಗಿ ಬೇಕು. ನಿಮ್ಮದಕ್ಕೆ ಆ ಚಿಂತೆಯಿಲ್ಲ. ವರ್ಷಕ್ಕೆ ಎರಡು ಸಲ ನಾಲ್ಕು ಹನಿ ಲೆಮನ್ ಆಯಿಲ್ ಸವರಿ ತಕ್ಷಣ ಒರೆಸಿ. ಲ್ಯಾಕರ್ ಹಾಕಿದ ಮೇಪಲ್ ಬೋರ್ಡಿಗೆ ಅದು ಬೇಡ.

ಧಾರವಾಡ ಡಿಸ್ಟಾರ್ಶನ್

ಪುಣೆದಾಗ ಕಥಿ ಉಲ್ಟಾ. ಮಾರ್ಚ್-ಏಪ್ರಿಲ್ ಒಣ ಹವಾಕ್ಕ ಬೋರ್ಡ್ ಕುಗ್ಗಿ ಫ್ರೆಟ್ ತುದಿ ಹೊರಗ ಬರ್ತಾವ, ಅಂಗೈ ಕೆರದಂಗ ಆಗ್ತೈತಿ. ಮುಂಬಯಿಯಿಂದ ತಂದ ಗಿಟಾರಿನೊಳಗ ಇದು ಬಾಳ. ಒಮ್ಮೆಲೇ ಕಾನಸು ಹಿಡದು ಉಜ್ಜಬ್ಯಾಡ್ರಿ. ಕೇಸಿನೊಳಗ ಒದ್ದಿ ಸ್ಪಂಜನ್ನ ತೂತಿನ ಸೋಪಿನ ಡಬ್ಬಿಯೊಳಗ ಇಟ್ಟು, ಎರಡು ವಾರ ಶೇ. 50ರ ಹತ್ತಿರ ಬಿಡ್ರಿ. ಅರ್ಧಕ್ಕರ್ಧ ಒಳಗ ಹೋಗ್ತಾವ. ಉಳದದ್ದನ್ನ ಮಾತ್ರ ಕಾನಸು ಹಚ್ರಿ.

ಡೊಂಬಿವಲಿ ಡಿ-ಸೆವೆನ್

ಒಂದು ಸಣ್ಣ ಪ್ರಶ್ನೆ. ಲೆಸ್ ಪಾಲಿನ ಮೂರನೇ ತಂತಿ, ಜಿ, ಯಾವಾಗಲೂ ಶ್ರುತಿ ಬಿಡುತ್ತದೆ ಎನ್ನುತ್ತಾರಲ್ಲ?

ಬೆಸುಗೆ ಕಡ್ಡಿ

ನಟ್ ದಾಟಿದ ಮೇಲೆ ಆ ತಂತಿ ಹಿಂದಕ್ಕೂ ಬಾಗುತ್ತದೆ, ಪಕ್ಕಕ್ಕೂ ಬಾಗುತ್ತದೆ. ನಟ್ಟಿನ ಸೀಳಿನಲ್ಲಿ ಉಜ್ಜಿ ಸಿಕ್ಕಿಕೊಳ್ಳುತ್ತದೆ, ಬೆಂಡ್ ಬಿಟ್ಟಾಗ ಪೂರ್ತಿ ವಾಪಸ್ ಬರುವುದಿಲ್ಲ. ಟ್ಯೂನರ್ ತಿರುಗಿಸುವಾಗ ಟಿಕ್ ಎಂದು ಕೇಳಿಸಿದರೆ ಇದೇ. 2ಬಿ ಪೆನ್ಸಿಲಿನ ಸೀಸವನ್ನು ಆ ಸೀಳಿಗೆ ತುಂಬಿ, ಶೇ. 80 ಸಲ ಅಲ್ಲಿಗೆ ಮುಗಿಯುತ್ತದೆ. ಇಲ್ಲದಿದ್ದರೆ ನಟ್ ಫೈಲ್ ಇರುವವರಿಂದ ಸೀಳು ಅಗಲಿಸಬೇಕು. ಟ್ಯೂನರ್ ಬದಲಿಸಿ ದುಡ್ಡು ಸುರಿಯಬೇಡಿ, ತಪ್ಪು ಅವುಗಳದ್ದಲ್ಲ.

ಮಾಟುಂಗಾ ಮಾರಾಯ

ಶೇ. 80 ಅಂತ ಅಳೆದವರು ಯಾರು ಸ್ವಾಮಿ?

ಬೆಸುಗೆ ಕಡ್ಡಿ

ಸರಿ, ಹೆಚ್ಚಿನ ಸಲ ಎಂದು ಓದಿಕೊಳ್ಳಿ.

ಡೊಂಬಿವಲಿ ಡಿ-ಸೆವೆನ್

ಕೊನೆಯದು. ಕೊಂಡ ಮೇಲೆ ನಿಮ್ಮ ಭಾನುವಾರದ ಜ್ಯಾಮಿಗೆ ಬರಬಹುದೇ? ಏನು ತರಬೇಕು?

ಮಾಟುಂಗಾ ಮಾರಾಯ

ಖಂಡಿತ ಬನ್ನಿ. ಜ್ಯಾಮ್ ಪ್ಯಾಡಿಗೆ ಗಂಟೆ ಲೆಕ್ಕದ ಬಾಡಿಗೆ, ತಲೆಗೆ ಸಮ ಪಾಲು. ಡ್ರಮ್ಸ್, ಆಂಪ್ ಅಲ್ಲೇ ಇರುತ್ತವೆ. ಮನೆಯಲ್ಲಿ ಇಡುವ ಗೇನಿನ (ಆಂಪಿನಲ್ಲಿ ಸ್ವರ ಒಡೆಸುವ ಗುಂಡಿ) ಅರ್ಧ ಸಾಕು. ಮಿಡ್ (ನಡುವಿನ ಸ್ವರಗಳ ಸದ್ದು) ಕತ್ತರಿಸಿಕೊಂಡು ಬರಬೇಡಿ: ಒಬ್ಬರೇ ಬಾರಿಸುವಾಗ ಅದು ಭರ್ಜರಿ, ಡ್ರಮ್ಸ್ ಶುರುವಾದ ಕೂಡಲೇ ನಿಮ್ಮ ಗಿಟಾರ್ ಉಂಟೋ ಇಲ್ಲವೋ ಗೊತ್ತಾಗುವುದಿಲ್ಲ. ಇಬ್ಬರು ಲೆಸ್ ಪಾಲಿನವರಿದ್ದರೆ ಒಬ್ಬರು ನೆಕ್ ಪಿಕಪ್ಪಿನಲ್ಲಿ ಕೆಳಗಿನ ಕಾರ್ಡ್, ಇನ್ನೊಬ್ಬರು ಬ್ರಿಜ್ ಪಿಕಪ್ಪಿನಲ್ಲಿ ಮೇಲಿನ ಮೂರು ತಂತಿ. ಎಲ್ಲರ ಟ್ಯೂನರ್ 440ಕ್ಕೆ ಇರಲಿ. ಬೇರೆಯವರ ಗಿಟಾರ್ ಕೇಳದೆ ಮುಟ್ಟುವ ಹಾಗಿಲ್ಲ, ಕೇಳಿದರೆ ಯಾರೂ ಇಲ್ಲ ಅನ್ನುವುದಿಲ್ಲ.

ವಿರಾರ್ ಫಾಸ್ಟ್

ಲೋಕಲಿನಲ್ಲಿ ಬರುವುದಾದರೆ ಲಗೇಜ್ ಡಬ್ಬಿ ಹತ್ತಿ. ಗಿಟಾರನ್ನು ಬೆನ್ನಿಗೆ ಬೇಡ, ಎದೆಗೆ ಹಾಕಿಕೊಳ್ಳಿ, ಹೆಡ್‌ಸ್ಟಾಕ್ ಮೇಲಕ್ಕೆ. ಬಾಗಿಲಿನ ಮೇಲಂಚಿಗೆ ಬಡಿಯುವುದು ಇಳಿಯುವಾಗ, ಹತ್ತುವಾಗ ಅಲ್ಲ.

ಧಾರವಾಡ ಡಿಸ್ಟಾರ್ಶನ್

ಕೇಬಲ್ ಎರಡು ತರ್ರಿ. ಅಲ್ಲಿಯ ಕೇಬಲ್ ಒಂದರ ಕೆಟ್ಟಿರ್ತೈತಿ, ಯಾವುದು ಅಂತ ಹುಡಕೂದ್ರಾಗ ಬಾಡಿಗಿ ಅರ್ಧ ತಾಸು ಹೋಗ್ತೈತಿ.